ಕಪ್ ನಮ್ದು, ಊರು ಯಾರ್ದು?

'ಈ ಸಲ ಕಪ್ ನಮ್ದೇ.' ಈ ನಾಲ್ಕು ಪದಗಳನ್ನು ಮೊದಲು ಕೂಗಿದವರು ಯಾರೋ, ಯಾರಿಗೂ ಬೇಕಿಲ್ಲ. ಆಟೋದ ಬೆನ್ನಿನ ಮೇಲೆ, ಟ್ರ್ಯಾಕ್ಟರಿನ ಟ್ರೈಲರಿನ ಮೇಲೆ, ಹಾಸ್ಟೆಲ್ ಹುಡುಗರ ಟ್ರಂಕಿನ ಮೇಲೆ, ಎಲ್ಲೆಲ್ಲೂ ಅದೇ ಮಾತು. ಈಚಿನ ವರ್ಷಗಳಲ್ಲಿ ಹುಟ್ಟಿದ ಯಾವ ಕನ್ನಡ ಕವಿತೆಯ ಸಾಲೂ ಇಷ್ಟು ಬಾಯಲ್ಲಿ ಆಡಿಲ್ಲ. ಆದರೂ ನಮ್ಮ ವಿಮರ್ಶಕ ಮಹಾಶಯರು ಇದನ್ನು ಮುಟ್ಟಿಲ್ಲ. ಮುಟ್ಟಿದರೆ ಮೈಲಿಗೆ ಆದೀತು! ಜನ ಕೂಗುವ ಮಾತು ವಿಮರ್ಶೆಗೆ ಯೋಗ್ಯವಲ್ಲ ಅನ್ನುವುದು ಹಳೇ ಮಡಿ. ನಾವು ಮುಟ್ಟುತ್ತೇವೆ.

ಈ ಮಾತಿನ ಜೀವ 'ಕಪ್' ಅನ್ನುವಲ್ಲಿ ಇಲ್ಲ. 'ನಮ್ದೇ' ಅನ್ನುವಲ್ಲಿ ಇದೆ. ಹಳ್ಳಿಯಲ್ಲಿ ಹುಟ್ಟಿದ ದಲಿತ ಹುಡುಗ ಏನನ್ನು ತೋರಿಸಿ 'ನಮ್ದು' ಅನ್ನಬೇಕು ಹೇಳಿ. ಕೆರೆ ಊರಿಂದು. ಗುಡಿ ಊರಿಂದು. ಅವರಪ್ಪ ಗೇಯುವ ಹೊಲ ಗೌಡರದು. ಕನ್ನಡದ 'ಊರು' ಅನ್ನುವ ಪದವೇ ಕೇರಿಯನ್ನು ಆಚೆಗಿಟ್ಟು ಕಟ್ಟಿದ ಪದ. ಕೇರಿಯ ಅವ್ವ ಸೊಸೆಗೆ 'ಊರೊಳಿಕ್ಕೆ ಹೋಗ್ಬತ್ತೀನಿ ಕಣವ್ವ' ಅಂತಾಳಲ್ಲ, ಅವಳು ಹೋಗುವುದು ಇನ್ನೂರು ಮಾರು ದೂರಕ್ಕೆ. ತಾನು ಬಾಳುವೆ ಮಾಡಿದ ಊರಿಗೆ ಅವಳು ದಿನವೂ ಹೊರಗಿನಿಂದ ಬರಬೇಕು. ಹೀಗಿರುವಾಗ 'ನಮ್ಮೂರ ಟೀಮು', 'ನಮ್ಮೂರ ಸುದ್ದಿ' ಅನ್ನುವ ಮಾತುಗಳನ್ನು ಊರಿನವನು ಆಡುವುದು ಬೇರೆ, ಕೇರಿಯವನು ಆಡುವುದು ಬೇರೆ. ಮೊದಲನೆಯವನಿಗೆ ಅದು ಇರುವ ಆಸ್ತಿಯ ಲೆಕ್ಕ. ಎರಡನೆಯವನಿಗೆ ಇಲ್ಲದ ಊರಿನ ಹಸಿವು.

ಈ ಹಸಿವನ್ನು ಅರ್ಥ ಮಾಡಿಕೊಳ್ಳದೆ ನಮ್ಮ ಪಾಳೆಯದ ಕೆಲವು ಗೆಳೆಯರು ಅಭಿಮಾನಿಗಳನ್ನು ಬೈಯುತ್ತಾರೆ. ಕ್ರಿಕೆಟ್ಟು ಅಫೀಮು, ಹುಡುಗರು ಕೆಟ್ಟುಹೋದರು, ಭೂಮಿ ಹೋರಾಟಕ್ಕೆ ಕರೆದರೆ ಹತ್ತು ಜನ ಬರಲ್ಲ, ಮ್ಯಾಚಿಗೆ ಸಾವಿರ ಜನ ಸೇರ್ತಾರೆ, ಇತ್ಯಾದಿ. ಈ ಬೈಗುಳದಲ್ಲಿ ಮೇಷ್ಟ್ರ ಗತ್ತಿದೆ, ತಿಳುವಳಿಕೆ ಕಡಿಮೆ. ಬೇರೆ ಲೋಟದ ಪದ್ಧತಿ ಇರುವ ಹೋಟೆಲಿನ ಟೀವಿಯ ಮುಂದೆ ನಿಂತು ನೋಡಿ. ಕೊಹ್ಲಿ ಸಿಕ್ಸರ್ ಎತ್ತಿದಾಗ ಊರಿನವನೂ ಕೇರಿಯವನೂ ಒಟ್ಟಿಗೆ ನೆಗೆಯುತ್ತಾರೆ. ದಿಲ್ಲಿಯಿಂದ ಬಂದವನನ್ನು 2008ರಿಂದ 'ನಮ್ಮೋನು' ಅನ್ನುತ್ತಾ ಬಂದ ಜನ ಇವರು. ಅವನ ಭಾಷೆ ಕೇಳಲಿಲ್ಲ, ಜಾತಿ ಕೇಳಲಿಲ್ಲ. ತಂಡದಲ್ಲಿ ಕನ್ನಡಿಗರು ಎಷ್ಟು ಜನ ಎಂದು ಲೆಕ್ಕ ಹಾಕುವ ಉಗ್ರ ಕನ್ನಡ ಪ್ರೇಮಿಗಳಿಗಿಂತ ಈ ಹುಡುಗರ ಮನಸ್ಸು ದೊಡ್ಡದು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ತಂಡವನ್ನು 6 ರನ್ನುಗಳಿಂದ ಸೋಲಿಸಿದ ಹನ್ನೊಂದು ಜನರಲ್ಲಿ ಕರ್ನಾಟಕದವನು ಮಯಾಂಕ್ ಅಗರ್‌ವಾಲ್ ಒಬ್ಬನೇ. ಹುಡುಗರಿಗೆ ಅದರಿಂದ ಏನೂ ಕಡಿಮೆ ಆಗಲಿಲ್ಲ. ಮೂರು ಗಂಟೆಯ ಮಟ್ಟಿಗೆ ಜಾತಿ ಇಲ್ಲದ ಒಂದು ಊರು ಕಟ್ಟಿಕೊಂಡಿದ್ದರು. ಇದನ್ನು ಅಫೀಮು ಅನ್ನುವವರು, ಹಗಲೆಲ್ಲ ಆ ಹುಡುಗನಿಗೆ ಎಂಥಾ ಊರು ಸಿಕ್ಕಿದೆ ಅನ್ನುವುದನ್ನೂ ಹೇಳಬೇಕಾಗುತ್ತದೆ.

ಆದರೆ ಮ್ಯಾಚು ಮುಗಿದ ಮೇಲೆ ಲೋಟ ಬೇರೆಯೇ. ನಾವು ಮರೆಯಬಾರದ ಎರಡು ಸಂಗತಿಗಳಿವೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28ರಂದು ಅಲ್ಲಿನ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕಿಡಿ ಹೊತ್ತಿದ್ದು ಸಿನಿಮಾ ನೋಡಲು ಹೋದಾಗ ಟಿಕೆಟ್ಟಿನ ವಿಚಾರಕ್ಕೆ ಎದ್ದ ಜಗಳದಿಂದ. ಹೋಟೆಲು, ಕ್ಷೌರದಂಗಡಿಗಳ ಬಾಗಿಲು ಹಾಕಿಕೊಂಡ ಹಳೇ ಸೇಡು ಅದರ ಕೆಳಗೆ ಕುಳಿತಿತ್ತು. ಹತ್ತು ವರ್ಷ ಕಳೆದು, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಹೈಕೋರ್ಟು ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಒಬ್ಬನೇ ನಟನಿಗೆ ಶಿಳ್ಳೆ ಹಾಕಲು ಹೋದವರು ಒಂದೇ ಸಾಲಿನಲ್ಲಿ ನಿಲ್ಲಲಾರದೆ ಹೋದರು! ಇನ್ನೊಂದು ಗುಜರಾತಿನ ಪಾಟಣ್ ಜಿಲ್ಲೆಯ ಕಾಕೋಶಿ. 2023ರ ಜೂನ್ ತಿಂಗಳು, ಶಾಲೆಯ ಬಯಲಿನಲ್ಲಿ ಕ್ರಿಕೆಟ್ ಮ್ಯಾಚು. ನೋಡುತ್ತಾ ನಿಂತಿದ್ದ ದಲಿತ ಹುಡುಗ ತನ್ನ ಕಡೆಗೆ ಉರುಳಿ ಬಂದ ಚೆಂಡನ್ನು ಎತ್ತಿಕೊಂಡ. ಅಷ್ಟೇ. ಆ ಜಗಳ ಬೆಳೆದು ಅವನ ಮನೆಯವರೊಬ್ಬರ ಹೆಬ್ಬೆರಳು ಹೋಯಿತು. ಏಕಲವ್ಯನ ಕತೆಯನ್ನು ಪುರಾಣ ಅನ್ನುವವರು ಈ ತಾರೀಖನ್ನು ಬರೆದಿಟ್ಟುಕೊಳ್ಳಲಿ. ಚೆಂಡು ಬೌಂಡರಿ ದಾಟಿದರೆ ನಾಲ್ಕು ರನ್ನು. ಚೆಂಡು ಕೇರಿಯ ಹುಡುಗನ ಕೈಗೆ ಬಂದರೆ ಒಂದು ಬೆರಳು.

ಇದು ಇವತ್ತಿನದಲ್ಲ. ಈ ದೇಶದ ಮೊದಲ ದೊಡ್ಡ ಬೌಲರು ಅನ್ನಿಸಿಕೊಂಡ ಪಾಲ್ವಂಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ಚಮ್ಮಾರ ಕುಲ, ಅಪ್ಪ ಪಲ್ಟಣಿನ ಸಿಪಾಯಿ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ಚು ಉರುಳಿಸುವ, ನೆಟ್ಟು ಕಟ್ಟುವ ಕೂಲಿ. ದೊರೆಗಳು ಅಭ್ಯಾಸಕ್ಕೆ ಅವನಿಂದ ಚೆಂಡು ಎಸೆಸಿಕೊಂಡರು, ಕೈಗೆ ಬ್ಯಾಟು ಮಾತ್ರ ಕೊಡಲಿಲ್ಲ. ಆಮೇಲೆ ಪುಣೆಯ ಹಿಂದೂಗಳ ತಂಡಕ್ಕೆ ಅವನು ಬೇಕಾದ. ಮೈದಾನದೊಳಗೆ ಅವನು ಮುಟ್ಟಿದ ಚೆಂಡನ್ನೇ ಬ್ರಾಹ್ಮಣರೂ ಮುಟ್ಟುತ್ತಿದ್ದರು. ಟೀ ಹೊತ್ತಿನಲ್ಲಿ ಮಾತ್ರ ಅವರಿಗೆ ಒಳಗೆ ಪಿಂಗಾಣಿ, ಅವನಿಗೆ ಹೊರಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ನಮಗೆ ಮೊದಲು ದಕ್ಕಿದ 'ಕಪ್' ಅದು! 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡ ಸೋಲಿನ ಮೇಲೆ ಸೋಲು ಉಂಡಿತು, ಬಾಲೂ ಒಬ್ಬನೇ 114 ವಿಕೆಟ್ ಕಿತ್ತ. ತಿರುಗಿ ಬಂದಾಗ ಮುಂಬಯಿಯ ದಲಿತರು ಸನ್ಮಾನ ಮಾಡಿದರು. ಆ ಮಾನಪತ್ರ ಬರೆದವರು ಆಗ ಕಾಲೇಜಿನಲ್ಲಿ ಓದುತ್ತಿದ್ದ ಅಂಬೇಡ್ಕರ್ ಎಂದು ರಾಮಚಂದ್ರ ಗುಹಾ ಬರೆದಿದ್ದಾರೆ. ಅಷ್ಟೆಲ್ಲ ಆದರೂ ಬಾಲೂವನ್ನು ಹಿಂದೂ ತಂಡದ ನಾಯಕ ಮಾಡಲಿಲ್ಲ. 1920ರಲ್ಲಿ ತಂಡದಿಂದಲೇ ಬಿಟ್ಟರು, ಅವನ ತಮ್ಮಂದಿರು ಪ್ರತಿಭಟಿಸಿ ಹೊರಗೆ ಉಳಿದರು. ತಮ್ಮ ವಿಠಲ ನಾಯಕ ಆದದ್ದು 1923ರಲ್ಲಿ.

ಅಭಿಮಾನ ಅನ್ನುವ ಪದಕ್ಕೆ ಇಲ್ಲಿ ಒಂದು ತೂಕ ಇದೆ. ಬಾಬಾಸಾಹೇಬರಂಥವರೂ ಒಬ್ಬ ಬೌಲರಿನ ಅಭಿಮಾನಿ ಆಗಿದ್ದರು. ಆದರೆ ಅಭಿಮಾನಕ್ಕೆ ಬುದ್ಧಿ ಒತ್ತೆ ಇಡಲಿಲ್ಲ. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ಸು ಇದೇ ಬಾಲೂವನ್ನು ಅಂಬೇಡ್ಕರರ ಎದುರು ನಿಲ್ಲಿಸಿತು. ಅಂಬೇಡ್ಕರ್ 13,245, ಬಾಲೂ 11,225. ನಮ್ಮವನನ್ನು ಎತ್ತಿ ನಮ್ಮ ಎದುರಿಗೇ ನಿಲ್ಲಿಸುವುದು ಅವರಿಗೆ ಹೊಸ ವಿದ್ಯೆ ಅಲ್ಲ. ಧಾರವಾಡದ ಎಷ್ಟು ಶಾಲೆಗಳಲ್ಲಿ ಬಾಲೂವಿನ ಪಟ ಇದೆ, ಅಲ್ಲಿನ ಮೇಷ್ಟ್ರುಗಳೇ ಹೇಳಬೇಕು.

ಈಗ 'ನಮ್ದೇ' ತಂಡದ ಯಜಮಾನಿಕೆಗೆ ಬರೋಣ. 2008ರಲ್ಲಿ ಬೆಂಗಳೂರಿನ ಹೆಸರಿನ ತಂಡವನ್ನು ಹೆಂಡದ ದೊರೆ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ಹರಾಜಿನಲ್ಲಿ ಕೊಂಡ. ಹೆಸರಿಟ್ಟದ್ದು ತನ್ನ ವಿಸ್ಕಿಯ ಹೆಸರನ್ನು. ಹಿಂದಿನ ವರ್ಷ, 2007ರಲ್ಲಿ, ಇದೇ ರಾಜ್ಯ ಸಾರಾಯಿ ನಿಷೇಧಿಸಿತ್ತು. ಬಡವನ ಹೆಂಡ ಅಪರಾಧ, ಸಿರಿವಂತನ ಹೆಂಡ ಕ್ರೀಡೆ! ಕೇರಿಯಲ್ಲಿ ಹೆಂಡದಂಗಡಿ ಬೇಡ, ಶಾಲೆ ಬೇಕು, ಭೂಮಿ ಬೇಕು ಎಂದು ಬೀದಿಗಿಳಿದ ಚಳವಳಿ ನಮ್ಮದು. ಆ ಕೇರಿಯ ಮಗುವಿನ ಎದೆಯ ಮೇಲೆ ಈಗ ವಿಸ್ಕಿಯ ಹೆಸರಿದೆ, ಅದಕ್ಕೆ ಅವರಪ್ಪ ಒಂದು ದಿನದ ಕೂಲಿ ಕೊಟ್ಟಿದ್ದಾನೆ. ಮಲ್ಯ ಸಾಲ ಬಿಟ್ಟು ದೇಶ ಬಿಟ್ಟ, ಕಂಪನಿ ಪರದೇಶದ ಡಿಯಾಜಿಯೋ ಪಾಲಾಯಿತು, 2024ರಲ್ಲಿ ಹೆಸರಿನ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂತು. 2025ರ ನವೆಂಬರಿನಲ್ಲಿ, ಕಪ್ ಗೆದ್ದು ಐದು ತಿಂಗಳಿಗೆ, ಈ ತಂಡವನ್ನು ಇಟ್ಟುಕೊಳ್ಳಬೇಕೋ ಬೇಡವೋ ಪರಿಶೀಲಿಸುತ್ತಿದ್ದೇವೆ ಎಂಬ ಅರ್ಥದ ಕಾಗದ ಕಂಪನಿಯಿಂದ ಷೇರುಪೇಟೆಗೆ ಹೋಯಿತು. 'ನಮ್ದೇ' ಅಂದವರನ್ನು ಒಂದು ಮಾತು ಕೇಳಿದರೇನು? ಹಸು ಮಾರುವ ರೈತನೂ ಮನೆಯವಳನ್ನು ಕೇಳುತ್ತಾನೆ.

ಐಪಿಎಲ್ಲಿನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಗಿದೆ. ಕಂಪನಿ ಕೊಂಡದ್ದು ಏನನ್ನು? ಬ್ಯಾಟು ಚೆಂಡನ್ನಲ್ಲ. ಟೀವಿ ಮುಂದೆ, ಮೊಬೈಲಿನ ಮುಂದೆ ಕುಳಿತ ನಮ್ಮ ಕಣ್ಣುಗಳನ್ನು. ಜಾಹೀರಾತಿನವನಿಗೆ ಆ ಕಣ್ಣುಗಳನ್ನು ಓವರಿನ ಲೆಕ್ಕದಲ್ಲಿ ಮಾರುತ್ತಾರೆ. ಗೇಯುವವನಿಗೆ ಕೂಲಿಯಾದರೂ ಉಂಟು, ನೋಡುವವನು ತಾನೇ ದುಡ್ಡು ಕೊಟ್ಟು ಬಿಟ್ಟಿ ಗೇಯುತ್ತಾನೆ. ಕಬಡ್ಡಿಯ ಕತೆ ಇನ್ನೂ ನಗೆಪಾಟಲು. ಮಣ್ಣಿನ ಆಟ ಟೀವಿಗೆ ಬಂತೆಂದು 2014ರಲ್ಲಿ ಹಳ್ಳಿಗಳೆಲ್ಲ ಹಿಗ್ಗಿದವು. 2017ರಲ್ಲಿ ಬೆಂಗಳೂರು ಬುಲ್ಸ್ ತಂಡ ತನ್ನ 'ತವರಿನ' ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. ತವರು ಅನ್ನುವುದೂ ಬಾಡಿಗೆಗೆ ಸಿಗುತ್ತದೆ.

ತಂಡ ನಿಜವಾಗಿ 'ನಮ್ದು' ಆಗುವುದು ಹೇಗೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಹಲಸೂರಿನ ಪಕ್ಕ ಗೌತಮಪುರ ಇದೆ. ದಲಿತರ, ದುಡಿಯುವವರ ಇಕ್ಕಟ್ಟಿನ ಬೀದಿಗಳು. ಅಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ, ಇವರ ಜತೆಗೆ ನಾಲ್ಕನೆಯವನಾಗಿ ಬ್ರೆಜಿಲ್ಲಿನ ಫುಟ್‌ಬಾಲ್ ಆಟಗಾರ ಪೆಲೆ ನಿಂತಿದ್ದಾನೆ, ಪ್ರತಿಮೆಯಾಗಿ. ಯಾವ ಕಂಪನಿಯ ಪ್ರಚಾರವೂ ಅಲ್ಲ ಅದು. ಕರಿಯ ಮೈಯ, ಬಡವರ ಮನೆಯ ಆಟಗಾರನನ್ನು ಕರಿಯ ಮೈಯ ಬಡವರು ತಮ್ಮ ಬೀದಿಗೆ ಕರೆದುಕೊಂಡರು. ಆ ಬೀದಿಗಳಿಂದ ಹುಡುಗರು ಬರಿಗಾಲಲ್ಲಿ ಆಡಿ ಸರ್ಕಾರಿ ಕಾರ್ಖಾನೆಗಳ ತಂಡ ಸೇರಿದರು. ಆಟ ಅವರಿಗೆ ನೌಕರಿ ಕೊಟ್ಟಿತು, ನೌಕರಿ ಮನೆಗೆ ಸೂರು ಕೊಟ್ಟಿತು. 1977ರಲ್ಲಿ ದೇಶದ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಯಾರು? ಕಲ್ಕತ್ತೆಯ ಹೆಸರಾಂತ ಮೋಹನ್ ಬಾಗಾನನ್ನು ಫೈನಲಿನಲ್ಲಿ ಸೋಲಿಸಿದ ಬೆಂಗಳೂರಿನ ಐಟಿಐ. ಟೆಲಿಫೋನು ಮಾಡುವ ಕಾರ್ಖಾನೆಯ ನೌಕರರು! ಅಂದು ಆ ಕಪ್ಪಿಗೆ 'ನಮ್ದೇ' ಅಂದವನ ಮಾತು ಅಕ್ಷರಶಃ ನಿಜ. ಗೋಲು ಹೊಡೆದವನು ಅದೇ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದ.

ಇನ್ನು ಪತ್ರಿಕೆಗಳ ಪುಟ. ನಮ್ಮ ಜನ ಆಟದ ಪುಟ, ಜಿಲ್ಲಾ ಪುಟ ಎರಡನ್ನೂ ಬಿಡದೆ ಓದುತ್ತಾರೆ. ಪರಊರಲ್ಲಿ ಕೂಲಿಗಿರುವವರು ಮೊಬೈಲಿನಲ್ಲಿ ಮೊದಲು ಹುಡುಕುವುದು ಈ ಎರಡನ್ನೇ: ಟೀಮು ಗೆತ್ತಾ? ಊರಲ್ಲಿ ಮಳೆ ಬಂತಾ? ಹಾಗಾಗಿ ಈ ಪುಟಗಳನ್ನು ಕಾವ್ಯ ಓದುವಷ್ಟೇ ಹುಷಾರಾಗಿ ಓದಬೇಕು. ಜಿಲ್ಲಾ ಪುಟದ ಒಂದು ಮಾದರಿ ಸುದ್ದಿ ತೆಗೆದುಕೊಳ್ಳಿ. ತಲೆಬರಹ: ಗ್ರಾಮೀಣ ಕ್ರೀಡೆ ಉಳಿಸಿ. ಚಿತ್ರ: ಬಿಳಿ ಅಂಗಿಯ ಶಾಸಕರು ಆಟಗಾರರ ಕೈ ಕುಲುಕುತ್ತಿರುವುದು. ಒಳಗೆ ಮಾನ್ಯರು ಏನು ಕರೆ ಕೊಟ್ಟರು, ಅಧ್ಯಕ್ಷತೆ ಯಾರು, ಮುಖ್ಯ ಅತಿಥಿಗಳು ಯಾರು, ಉಪಸ್ಥಿತರು ಯಾರು, ಹದಿನೆಂಟು ಹೆಸರು. ಗೆದ್ದವರು? ಇಲ್ಲ. ಸೋತವರು? ಇಲ್ಲ. ಆಡಿದವರ ಒಂದು ಹೆಸರೂ ಇಲ್ಲದ ಆಟದ ಸುದ್ದಿ! ಏಪ್ರಿಲ್ ಬಂದರೆ ಕೇರಿ ಕೇರಿಯ ಯುವಕ ಸಂಘದವರು ಅಂಬೇಡ್ಕರ್ ಜಯಂತಿಗೆಂದು ಚಂದಾ ಎತ್ತಿ ವಾಲಿಬಾಲ್, ಕಬಡ್ಡಿ ಆಡಿಸುತ್ತಾರೆ. ಅದು ಪುಟಕ್ಕೆ ಬರಬೇಕಾದರೆ ಅದಕ್ಕೂ ಒಬ್ಬ ಶಾಸಕ ಬರಬೇಕು. ತಾಲ್ಲೂಕಿನ ಸುದ್ದಿಗಾರನನ್ನು ನಾವು ಬೈಯುವುದಿಲ್ಲ. ಅವನ ಹೊಟ್ಟೆಪಾಡು ಅವನು ತರುವ ಜಾಹೀರಾತಿನಲ್ಲಿದೆ, ಜಾಹೀರಾತು ಉಪಸ್ಥಿತರ ಜೇಬಿನಲ್ಲಿದೆ.

ಪುಟಗಳ ನಡುವಿನ ಗೋಡೆ ಇನ್ನೂ ದೊಡ್ಡ ಕಸುಬು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಜಿಂದಾಲರದು. ಒಳ್ಳೆಯ ತಂಡ, 2013-14ರಲ್ಲಿ ಮೊದಲ ಸಲವೇ ಐ-ಲೀಗ್ ಗೆದ್ದಿತು, ಕಂಠೀರವದಲ್ಲಿ ಅದಕ್ಕೆ ನಿಷ್ಠೆಯ ಅಭಿಮಾನಿಗಳಿದ್ದಾರೆ. ಅದು ಆಟದ ಪುಟ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಸುತ್ತ ಅದೇ ಜಿಂದಾಲರಿಗೆ 3,667 ಎಕರೆ ಭೂಮಿ ಮಾರುವ ಸರ್ಕಾರದ ತೀರ್ಮಾನಕ್ಕೆ 2019ರಲ್ಲಿ ದೊಡ್ಡ ವಿರೋಧ ಎದ್ದಿತು, 2024ರ ಆಗಸ್ಟಿನಲ್ಲಿ ಸಂಪುಟ ಮತ್ತೆ ಒಪ್ಪಿತು. ಅದು ಜಿಲ್ಲಾ ಪುಟ. ಎರಡೂ ಒಂದೇ ಪತ್ರಿಕೆಯಲ್ಲಿ ಬರಬಹುದು, ಒಂದೇ ವಾಕ್ಯದಲ್ಲಿ ಬರುವುದಿಲ್ಲ. ಅಭಿಮಾನಿ ಒಂದು ಪುಟದಲ್ಲಿ ಚಪ್ಪಾಳೆ ತಟ್ಟುತ್ತಾನೆ, ಇನ್ನೊಂದು ಪುಟದಲ್ಲಿ ಅವನ ನೆಂಟರ ಊರಿನ ನೆಲ ಹೋಗುತ್ತದೆ. ಆಟಗಾರರನ್ನು ದ್ವೇಷಿಸಿ ಅಂತ ನಾವು ಹೇಳುತ್ತಿಲ್ಲ. ಪುಟ ತಿರುಗಿಸಿ ಅಂತೀವಿ.

ಈ ಎರಡು ಪುಟಗಳು ಒಂದಾದದ್ದು ಒಂದೇ ದಿನ, 2025ರ ಜೂನ್ 5ರ ಬೆಳಿಗ್ಗೆ. ಹಿಂದಿನ ದಿನ ಸರ್ಕಾರ ವಿಧಾನಸೌಧದ ಮೆಟ್ಟಿಲ ಮೇಲೆ ತಂಡಕ್ಕೆ ಸನ್ಮಾನ ಇಟ್ಟಿತು. ಮಂತ್ರಿಗಳು, ಮಂತ್ರಿಗಳ ಮನೆಯವರು ಸಾಲಾಗಿ ನಿಂತು ಚಿತ್ರ ತೆಗೆಸಿಕೊಂಡರು. ಪಕ್ಕದಲ್ಲೇ ಚಿನ್ನಸ್ವಾಮಿ ಕ್ರೀಡಾಂಗಣ. ಅಲ್ಲಿ ಹಿಡಿಸುವುದು ಸುಮಾರು 35,000 ಜನ, ಬಂದವರು ಲಕ್ಷಗಟ್ಟಲೆ. ಪ್ರವೇಶ ಪುಕ್ಕಟೆ ಅಂದರು, ಪಾಸು ಬೇಕು ಅಂದರು, ಯಾವ ಬಾಗಿಲು ತೆರೆದಿದೆ ಯಾವುದು ಮುಚ್ಚಿದೆ ಅನ್ನುವುದನ್ನು ಹೇಳುವವರು ಇರಲಿಲ್ಲ. ಬಾಗಿಲ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ಹೆಚ್ಚಿನವರು ಎಳೆಯರು. ಹೆಣಗಳು ಕೋಲಾರ, ಮಂಡ್ಯ, ಹಾಸನ, ಯಾದಗಿರಿ ಸೀಮೆಗಳಿಗೆ ಹೋದವು. ಒಳಗೆ ಸಮಾರಂಭ ನಡೆದೇ ನಡೆಯಿತು.

ನಮ್ಮ ಜನಕ್ಕೆ ಈ ಚಿತ್ರ ಹೊಸದಲ್ಲ. ತೇರು ಹರಿಯುತ್ತದೆ, ತಮಟೆ ಹೊರಗೆ ಬಡಿಯುತ್ತದೆ, ಗರ್ಭಗುಡಿಯೊಳಗೆ ಮಂಗಳಾರತಿ ನಡೆಯುತ್ತದೆ. ಬಾಗಿಲ ಆಚೆ ನಿಂತವರ ಗದ್ದಲ ಇಲ್ಲದಿದ್ದರೆ ಒಳಗಿನ ದೇವರಿಗೆ ಕಳೆಯಿಲ್ಲ. ಆದರೆ ಅವರಿಗೆ ಬಾಗಿಲಿಲ್ಲ. ಸತ್ತ ಹನ್ನೊಂದು ಜನರ ಜಾತಿ ನಾವು ಕೇಳುತ್ತಿಲ್ಲ. ಎಲ್ಲ ಜಾತಿಯ ಮಕ್ಕಳೂ ಆ ದಿನ ಬಾಗಿಲ ಆಚೆ ಇದ್ದರು. ಕಂಪನಿಯ ಲೆಕ್ಕದಲ್ಲಿ ಅಭಿಮಾನಿಗಳೆಲ್ಲ ಕೇರಿಯವರೇ.

ಆಮೇಲಿನದು ಗೊತ್ತೇ ಇದೆ. ಮಾರನೇ ದಿನ ನಗರದ ಪೊಲೀಸ್ ಕಮಿಷನರರೂ ಸೇರಿ ಪೊಲೀಸ್ ಅಧಿಕಾರಿಗಳು ಅಮಾನತಾದರು, ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹ ಅವರ ಆಯೋಗ ಬಂತು, ಕರೆದವರು ಕಂಪನಿಯವರು ಎಂದು ಸರ್ಕಾರ ಬೆರಳು ತೋರಿಸಿತು. ಕಂಪನಿ ಮೊದಲು ತಲಾ ಹತ್ತು ಲಕ್ಷ, ಆಗಸ್ಟಿನಲ್ಲಿ ತಲಾ ಇಪ್ಪತ್ತೈದು ಲಕ್ಷ ಎಂದಿತು. ಬದುಕಿದ್ದಾಗ ಯಾವ ಆಟದ ಪುಟದಲ್ಲೂ ಹೆಸರು ಬರದ ಹಳ್ಳಿಯ ಅಭಿಮಾನಿಗೆ ಮುಖಪುಟ ಸಿಕ್ಕಿದ್ದು ಹೀಗೆ. ಕೆಲವು ದಿನಕ್ಕೆ ಅದೂ ಜಿಲ್ಲಾ ಪುಟಕ್ಕೆ ಜಾರಿತು.

ಹಾಗಾದರೆ ಕೂಗುವುದನ್ನು ಬಿಡಬೇಕೇ? ನಮ್ಮ ಉತ್ತರ, ಬೇಡ. 'ನಮ್ದೇ' ಅನ್ನುವ ಮಾತನ್ನು ಕಂಪನಿಗೆ ಬಿಟ್ಟುಕೊಡುವುದು ಕೆರೆಯನ್ನು ಊರಿನವರಿಗೆ ಬಿಟ್ಟುಕೊಟ್ಟಂತೆ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನೀರು ಬೇಡ ಅನ್ನಲಿಲ್ಲ, ಕೆರೆಗೆ ಇಳಿದರು. ಜರ್ಮನಿಯ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಒಂದು ಕಟ್ಟಳೆ ಇದೆ: ಬಂಡವಾಳದವನು ಎಷ್ಟೇ ಸುರಿದರೂ, ಕೆಲವು ಕ್ಲಬ್ಬುಗಳನ್ನು ಬಿಟ್ಟರೆ, ಅರ್ಧಕ್ಕಿಂತ ಒಂದು ಹೆಚ್ಚು ಓಟು ಸದಸ್ಯರದೇ. ಅಲ್ಲಿ 'ನಮ್ದು' ಅನ್ನುವುದಕ್ಕೆ ಕಾನೂನಿನ ಬಲ ಉಂಟು. ಇಲ್ಲಿ ಅಭಿಮಾನಿ ಸಂಘಗಳಿವೆ, ಕಟೌಟು ಇದೆ, ಹಾಲಿನ ಅಭಿಷೇಕ ಇದೆ. ಒಂದು ಓಟು ಇಲ್ಲ. ಸಂಘ ಕಟ್ಟುವ ಹುಡುಗರು ಕಟೌಟಿನ ಬದಲು ಇದನ್ನು ಕೇಳಲಿ. ಸಾರ್ವಜನಿಕ ಕ್ರೀಡಾಂಗಣದಲ್ಲಿ ಬಡವನಿಗೆ ಎಷ್ಟು ಜಾಗ, ಯಾವ ಬೆಲೆಗೆ ಅಂತ ಕೇಳಲಿ. ಕಪ್ಪನ್ನು ಮೊದಲು ತಂದವರು ಹೆಂಗಸರು, 2024ರ ಮಾರ್ಚ್ 17ರಂದು ದಿಲ್ಲಿಯಲ್ಲಿ. ನಮ್ಮ ತಂಗಿಯರಿಗೆ ಹಳ್ಳಿಯ ಬಯಲಿನಲ್ಲಿ ಆಡಲು ಒಂದು ಸಂಜೆ ಯಾಕಿಲ್ಲ ಅಂತಲೂ ಕೇಳಲಿ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ನಿಮ್ಮ ಶಾಲೆಗೆ ಆಟದ ಬಯಲು ಇದೆಯೇ, ದಾಖಲೆಯಲ್ಲಿ ಎಷ್ಟು ಗುಂಟೆ, ನೆಲದ ಮೇಲೆ ಎಷ್ಟು ಗುಂಟೆ, ಉಳಿದದ್ದು ಯಾರ ಹಿತ್ತಲಾಗಿದೆ, ನೋಡಿ ಬರೆಯಿರಿ. ಈ ಏಪ್ರಿಲ್‌ನಲ್ಲಿ ನಿಮ್ಮ ಕೇರಿಯಲ್ಲಿ ಯಾವ ಆಟ ನಡೆಯಿತು, ಯಾರು ಗೆದ್ದರು, ಯಾರು ಸೋತರು, ಆಡಿದ ಹುಡುಗ ಹುಡುಗಿಯರ ಹೆಸರು, ಬಯಲಿಗೆ ಇಳಿಯಲು ಯಾರನ್ನಾದರೂ ತಡೆದರೆ ತಡೆದವರ ಹೆಸರು, ಎಲ್ಲ ಬೇಕು. ಶಾಸಕರು ಬಂದಿದ್ದರೋ ಇಲ್ಲವೋ ತಿಳಿಸುವ ಅಗತ್ಯವಿಲ್ಲ. ಒಂದು ಹಾಳೆ ಸಾಕು, ಅಕ್ಷರ ಸ್ವಲ್ಪ ದಪ್ಪಗಿರಲಿ. ಮುಂದಿನ ಸಂಚಿಕೆಯಿಂದ ಕೊನೆಯ ಎರಡು ಪುಟ ಅದಕ್ಕೇ ಬಿಡುತ್ತೇವೆ.